ಹುಳದ ಮನೆಯಲ್ಲಿ ಸಿಸ್ಟರಮ್ಮ

ಸಿಸ್ಟರಮ್ಮನಿಗೆ ಹಲ್ಲಿ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಗೋಡೆಯ ಮೇಲೆ ಒಂದು ಹಲ್ಲಿ ಲೊಚಗುಟ್ಟಿದರೆ ಸಾಕು, ಸೀರೆಯ ನೆರಿಗೆ ಎತ್ತಿಕೊಂಡು ಮಂಚ ಹತ್ತಿ ನಿಂತುಬಿಡುತ್ತಿದ್ದರು. ಅದೇ ಹೆಂಗಸು, ಹೆತ್ತವರೇ ಮೂಗು ಮುಚ್ಚಿಕೊಂಡು ದೂರ ನಿಲ್ಲುತ್ತಿದ್ದ ರೋಗಿಗಳ ಪಕ್ಕದಲ್ಲಿ ಕೂತು ಅವರ ತಲೆ ಬಾಚುತ್ತಿದ್ದರು. ಇದೇನು ಸಿಸ್ಟರ್ ಹೀಗೆ ಎಂದು ಒಮ್ಮೆ ಕೇಳಿದ್ದೆ. "ಹಲ್ಲಿ ವಿಷಯದಲ್ಲಿ ದೇವ್ರು ನಂಗೆ ಇನ್ನೂ ಧೈರ್ಯ ಕೊಟ್ಟಿಲ್ಲ ಕಣೇ. ಕೊಟ್ಟಿರೋದನ್ನ ಮೊದ್ಲು ಖರ್ಚು ಮಾಡ್ತೀನಿ" ಎಂದು ನಕ್ಕಿದ್ದರು.

ಕಳೆದ ವರ್ಷ ನಾನು ಕೆಲಸದಿಂದ ನಿವೃತ್ತಳಾದೆ. ಬೀಳ್ಕೊಡುಗೆಯ ದಿನ ಹೊಸ ಹುಡುಗಿಯೊಬ್ಬಳು, "ಸರ್ವೀಸಲ್ಲಿ ಮರೆಯೋಕಾಗ್ದೆ ಇರೋರು ಯಾರು ಮೇಡಂ?" ಎಂದು ಕೇಳಿದಳು. ಎದುರಿಗೆ ಕೂತಿದ್ದ ಡಾಕ್ಟರೊಬ್ಬರ ಹೆಸರು ಹೇಳಿ, ಎಲ್ಲರಿಂದ ಚಪ್ಪಾಳೆ ತಟ್ಟಿಸಿ ಕೂತೆ. ಮನೆಗೆ ಬಂದು ಹಾರ ತೆಗೆದಿಡುವಾಗ ನೆನಪಾದದ್ದು ಮಾತ್ರ ಸಿಸ್ಟರಮ್ಮ. ಅವರು ನಮ್ಮ ಇಲಾಖೆಯವರಲ್ಲ. ನನಗೆ ಅವರ ಮೇಲಿದ್ದದ್ದು ಬರೀ ಪ್ರೀತಿಯೂ ಅಲ್ಲ.

ನಾನಾಗ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯ ಉಪಕೇಂದ್ರದಲ್ಲಿ ಕಿರಿಯ ಆರೋಗ್ಯ ಸಹಾಯಕಿ. ಹಳ್ಳಿಯವರ ಬಾಯಲ್ಲಿ ನರ್ಸಮ್ಮ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹೆದ್ದಾರಿಯ ಲಾರಿಗಳ ಜೊತೆ ಏಡ್ಸ್ ಎಂಬ ಹೊಸ ರೋಗ ನಮ್ಮ ಕಡೆಗೂ ಬಂದಿದೆ ಎಂದು ತುಮಕೂರಿನಲ್ಲಿ ನಮಗೆಲ್ಲ ತರಬೇತಿ ಇಟ್ಟಿದ್ದರು. ಮುಟ್ಟಿದರೆ ಬರುವುದಿಲ್ಲ, ಜೊತೆಗೆ ಉಂಡರೆ ಬರುವುದಿಲ್ಲ ಎಂದು ಬಣ್ಣಬಣ್ಣದ ಚಾರ್ಟು ತೋರಿಸಿದರು. ಕೊನೆಗೆ ಮಾತಾಡಲು ಎದ್ದವರು ತುಮಕೂರಿನದೇ ಒಂದು ಸಣ್ಣ ಖಾಸಗಿ ಆಸ್ಪತ್ರೆಯ ನರ್ಸು, ಎಲ್ಲರೂ ಕರೆಯುತ್ತಿದ್ದ ಹಾಗೆ ಸಿಸ್ಟರಮ್ಮ. ಕುಳ್ಳಗೆ, ದಪ್ಪಗೆ, ಎಣ್ಣೆ ಹಚ್ಚಿ ಬಿಗಿದ ತುರುಬು, ಕತ್ತಿನಲ್ಲಿ ಕರಿದಾರಕ್ಕೆ ಕಟ್ಟಿದ ಸಣ್ಣ ಶಿಲುಬೆ. "ಚಾರ್ಟಲ್ಲಿ ಬರ್ದಿರೋದೆಲ್ಲ ಸರಿ. ಆದ್ರೆ ಚಾರ್ಟು ಎದ್ದು ಹೋಗಿ ಯಾರ ಮುಖಾನೂ ಒರೆಸಲ್ಲ. ನಿಮ್ಮ ಊರಲ್ಲಿ ಅಂಥೋರು ಯಾರಾದ್ರೂ ಇದ್ರೆ ನಂಗೆ ಹೇಳಿ. ಗುರುವಾರ ನಂಗೆ ರಜ" ಎಂದಷ್ಟೇ ಹೇಳಿ ಕೂತರು.

ಅವರು ಕುಣಿಗಲ್ಲಿನವರು. ತಂದೆ ಅಲ್ಲಿ ಕುದುರೆ ಸಾಕುವ ಕಡೆ ಲಾಯದ ಕೆಲಸದಲ್ಲಿದ್ದವರು. ಮದುವೆಯಾಗಿರಲಿಲ್ಲ. ತುಮಕೂರಿನಲ್ಲಿ ಒಂದು ಬಾಡಿಗೆ ಕೋಣೆ, ಒಂದು ಸ್ಟವ್ವು, ಭಾನುವಾರ ಚರ್ಚು, ಗುರುವಾರ ಹಳ್ಳಿ. ಬಟ್ಟೆ ಚೀಲದಲ್ಲಿ ಗ್ಲೌಸು, ಹತ್ತಿ, ಒಗೆದು ಮಡಿಸಿದ ಹಳೇ ಸೀರೆಯ ತುಂಡುಗಳು, ಒಂದಿಷ್ಟು ಬನ್ನು. ಬೆಳ್ಳಾವಿ, ಊರ್ಡಿಗೆರೆ, ಗುಬ್ಬಿ, ಕುಣಿಗಲ್, ಎಲ್ಲಿಂದ ಸುದ್ದಿ ಬಂದರೆ ಅಲ್ಲಿಗೆ ಬಸ್ಸು. ಒಂದೊಂದು ಊರಿನಲ್ಲಿ ಕಲ್ಲು ತೂರುತ್ತಿದ್ದರು, ಒಂದೊಂದು ಊರಿನಲ್ಲಿ ನಾಯಿ ಬಿಡುತ್ತಿದ್ದರು. ಅವರ ಚರ್ಚಿನ ಪಾದ್ರಿಗಳೇ ಒಮ್ಮೆ ಕರೆದು, ಒಬ್ಬಳೇ ಹೀಗೆ ಹೋಗಬೇಡಮ್ಮ, ಮನೆಯಲ್ಲೇ ಕೂತು ಅವರಿಗಾಗಿ ಪ್ರಾರ್ಥನೆ ಮಾಡಿದರೆ ಸಾಲದೇ ಎಂದರಂತೆ. "ಪ್ರಾರ್ಥನೆ ಮಾಡಿದ್ದಕ್ಕೇ, ಅಯ್ಯನೋರೇ, ಹೋಗ್ತಿರೋದು. ಮಾಡ್ದಿದ್ರೆ ಮನೇಲಿ ಹಾಯಾಗಿರ್ತಿದ್ದೆ" ಎಂದು ಇವರು ಹೇಳಿದರಂತೆ.

ಅವರ ಪ್ರಾರ್ಥನೆ ಎಂದರೆ ಜಗಳವೇ. ಬಸ್ಸಿನಲ್ಲಿ ಕಣ್ಣು ಮುಚ್ಚಿ ವಟವಟ ಅನ್ನುತ್ತಿದ್ದರು. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬಳು, "ಯಾರನ್ನಮ್ಮ ಅಷ್ಟೊಂದು ಬೈತಾ ಇದೀಯ?" ಎಂದಳು. "ನಮ್ ಯಜಮಾನ್ರನ್ನ" ಎಂದರು ಇವರು. "ಬೈಯಿ ಬೈಯಿ. ನಮ್ಮೋರೂ ಹಂಗೇ ಇದ್ರು" ಎಂದು ಅಜ್ಜಿ ಸಮಾಧಾನ ಹೇಳಿದಳು.

ಜನಕ್ಕೆ ಅನುಮಾನವೂ ಇತ್ತು. ನಮ್ಮ ಹಳ್ಳಿಯ ಟೀ ಅಂಗಡಿಯಲ್ಲಿ ಒಬ್ಬರು ನೇರವಾಗಿಯೇ ಕೇಳಿದರು: "ಜಾತಿ ಕೆಡಿಸೋಕೆ ತಾನೇ ನೀವು ಬರೋದು?" ಸಿಸ್ಟರಮ್ಮ ಗ್ಲಾಸು ಕೆಳಗಿಟ್ಟು ಹೇಳಿದರು: "ನನ್ನನ್ನ ಕಳ್ಸಿದೋನು ಯೇಸಪ್ಪ. ಅದನ್ನ ನಾನು ಬಚ್ಚಿಡಲ್ಲ. ಆದ್ರೆ ರೋಗಿ ಕೇಳ್ದೆ ನಾನಾಗೇ ಅವನ ಹೆಸರು ಎತ್ತಲ್ಲ. ಎತ್ತಿದ್ರೆ ನೀವು ನನ್ನ ಊರಾಚೆ ಹಾಕಿ." ಕೇಳಿದವರಿಗೆ ಅದು ಅಷ್ಟು ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೂ ಟೀ ದುಡ್ಡು ಅವರೇ ಕೊಟ್ಟರು.

ಸಿಸ್ಟರಮ್ಮನನ್ನು ಆ ಹಳ್ಳಿಗೆ ಕರೆಸಿದ್ದು ನಾನೇ. ಸರೋಜ ಎಂಬ ಹೆಂಗಸಿಗಾಗಿ. ಅವಳ ಗಂಡ ಲಾರಿ ಡ್ರೈವರು, ಹಿಂದಿನ ವರ್ಷ ಇದೇ ರೋಗದಲ್ಲಿ ತೀರಿಕೊಂಡಿದ್ದ. ಈಗ ಅವಳಿಗೆ ಭೇದಿ, ಬಾಯೆಲ್ಲ ಹುಣ್ಣು, ಎದ್ದು ನಿಲ್ಲಲಾರಳು. ಅತ್ತೆ ತಾಯಮ್ಮ, ಮೈದುನ ಶಿವಣ್ಣ ಸೇರಿ ಅವಳನ್ನು ಹೊಲದಂಚಿನ ಹುಳದ ಮನೆಗೆ ಸಾಗಿಸಿದ್ದರು. ರೇಷ್ಮೆ ಹುಳ ಸಾಕಲು ಕಟ್ಟಿ, ಈಗ ಬಿಟ್ಟಿದ್ದ ಉದ್ದನೆಯ ಕೋಣೆ ಅದು. ಒಂದೇ ಬಾಗಿಲು. ಕಿಟಕಿಗಳಿಗೆ ಕಬ್ಬಿಣದ ಸರಳು, ಸರಳಿನ ಮೇಲೆ ನೊಣ ಬಾರದಂತೆ ಬಲೆ. ಊಟ ತಂದು ಹೊಸ್ತಿಲಲ್ಲಿ ಇಟ್ಟು ಹೋಗುತ್ತಿದ್ದರು. ಸರೋಜಳ ನಾಲ್ಕು ವರ್ಷದ ಮಗಳನ್ನು ಅತ್ತೆ ಇಟ್ಟುಕೊಂಡಿದ್ದಳು. ಆ ಕಡೆ ಬಿಡುತ್ತಿರಲಿಲ್ಲ.

ಸಿಸ್ಟರಮ್ಮ ಒಂದೆರಡು ಗುರುವಾರ ಬಂದು ಹೋದರು. ಮುಂದಿನ ಗುರುವಾರ ನಾವಿಬ್ಬರೂ ಒಳಗೆ ಸರೋಜಳಿಗೆ ಸ್ನಾನ ಮಾಡಿಸಿ ಬಟ್ಟೆ ಬದಲಿಸುತ್ತಿದ್ದೆವು. ಹೊರಗೆ ಮಾತು ಜೋರಾಯಿತು. ಈ ಹೆಂಗಸು ರೋಗಿಯನ್ನು ಮುಟ್ಟಿದ ಕೈಯಲ್ಲೇ ಊರ ನಲ್ಲಿ ಮುಟ್ಟುತ್ತಾಳೆ, ಊರಿಗೇ ಅಂಟಿಸುತ್ತಾಳೆ ಎಂದು ಯಾರೋ ಕೂಗಿದರು. ನಾನು ತಿರುಗಿ ನೋಡುವಷ್ಟರಲ್ಲಿ ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಬೀಗ ಒತ್ತಿದ ಸದ್ದು ಕೇಳಿಸಿತು.

ಕಿಟಕಿಯ ಬಲೆಯಾಚೆ ಶಿವಣ್ಣನ ಮುಖ ಕಂಡಿತು. ಅವನ ಹಿಂದೆ ಅರ್ಧ ಊರೇ ಇತ್ತು.

"ಸಿಸ್ಟರಮ್ಮ, ಒಂದೇ ಮಾತು" ಎಂದ. "ಇವಳ್ನ ಇವತ್ತೇ ಕರ್ಕೊಂಡು ಹೊಂಟೋಗ್ತೀನಿ, ತಿರ್ಗಾ ಈ ಊರ್ಗೆ ತರಲ್ಲ ಅನ್ನಿ. ಬೀಗ ತೆಗೀತೀನಿ. ಆಟೋನೂ ನಾನೇ ಕರೆಸ್ತೀನಿ. ಅಲ್ಲೀಗಂಟ ಮೂರು ಜನಾನೂ ಒಳಗೇ ಇರಿ."

ನನಗೆ ಹೋದ ಜೀವ ಬಂದಂತಾಯಿತು. ಇಂಥವರನ್ನು ಇಟ್ಟುಕೊಳ್ಳುವ ಒಂದು ಆಶ್ರಮ ಬೆಂಗಳೂರಿನಲ್ಲಿತ್ತು. ಹೂಂ ಅಂದರೆ ಮುಗಿಯಿತು. ಆದರೆ ಸಿಸ್ಟರಮ್ಮ ಸರೋಜಳ ಪಕ್ಕ ಕೂತು, "ಏನಮ್ಮ, ಹೋಗೋಣ್ವಾ?" ಎಂದು ಕೇಳಿದರು.

ಸರೋಜ ಬೇಡವೆಂದು ತಲೆಯಾಡಿಸಿದಳು. "ನನ್ ಕೂಸು ಇಲ್ಲೈತೆ ಸಿಸ್ಟರಮ್ಮ. ಸಂಜೆ ಹೊತ್ತು ಆ ಹುಣಸೆ ಮರದ ತಾವ ಆಡೋಕ್ ಬತ್ತದೆ. ಈ ಕಿಟಕೀಲಿ ಕಾಣ್ತದೆ. ನಾನು ಅಲ್ಲಿಗೋದ್ರೆ ಯಾರು ತೋರಿಸ್ತಾರೆ?"

ಸಿಸ್ಟರಮ್ಮ ಎದ್ದು ಕಿಟಕಿಗೆ ಬಂದರು. "ಬರಲ್ಲ ಅಂತಾಳಪ್ಪ."

"ಎತ್ತಾಕ್ಕೊಂಡ್ ಹೋಗಿ!"

"ಅವಳೇನು ಹುಲ್ಲಿನ ಹೊರೆಯಾ ಶಿವಣ್ಣ?"

ಅವನು ಬೀಗದ ಕೈ ಜೇಬಿಗಿಳಿಸಿ ಕಿಟಕಿಯಿಂದ ದೂರ ಹೋದ. ನಾನು ಸಿಸ್ಟರಮ್ಮನ ತೋಳು ಹಿಡಿದುಕೊಂಡೆ. "ಹೂಂ ಅಂದ್ಬಿಡಿ ಸಿಸ್ಟರ್. ಆಚೆ ಹೋದ್ಮೇಲೆ ನೋಡ್ಕೊಳ್ಳೋಣ."

"ಸುಳ್ಳು ಹೇಳಿ ತೆಗೆಸಿದ ಬಾಗ್ಲಲ್ಲಿ ಮುಂದಿನ ವಾರ ಯಾವ ಮುಖ ಹೊತ್ಕೊಂಡು ಬರ್ಲಿ?" ಎಂದರು.

ಮುಂದಿನ ವಾರವಂತೆ! ಗುಬ್ಬಿಯಲ್ಲಿ ನನ್ನ ಮನೆಯಿತ್ತು. ಮನೆಯಲ್ಲಿ ಅತ್ತೆಯ ತೊಡೆಯ ಮೇಲೆ ನನ್ನ ಐದು ತಿಂಗಳ ಮಗುವಿತ್ತು. ಗಂಡ ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟಿನಲ್ಲಿದ್ದರು. ನಾನು ಬರದಿದ್ದರೆ ಕೊನೇ ಬಸ್ಸು ತಪ್ಪಿ ಉಪಕೇಂದ್ರದಲ್ಲೇ ಉಳಿದಿರಬೇಕು ಅಂದುಕೊಳ್ಳುತ್ತಾರೆ. ಹಿಂದೆಯೂ ಹಾಗಾಗಿತ್ತು. ಕೂಗಿದರೆ ಕೇಳುವವರೆಲ್ಲ ಬೀಗ ಹಾಕಿದವರ ಕಡೆಯವರೇ.

ಬಿಸಿಲೇರಿದ ಹಾಗೆ ಶೀಟಿನ ಸೂರು ಕಾಯ್ದು ಕೋಣೆ ಒಲೆಯಂತಾಯಿತು. ಹುಳ ಗೂಡು ಕಟ್ಟುವ ಬಿದಿರಿನ ದೊಡ್ಡ ತಟ್ಟೆಗಳು ಗೋಡೆಗೆ ಒರಗಿದ್ದವು. ಸಿಸ್ಟರಮ್ಮ ಅದರಲ್ಲಿ ಎರಡನ್ನು ಮೂಲೆಗೆ ಎಳೆದು ಮರೆ ಮಾಡಿ, "ಇದು ನಮ್ಮ ಬಾತ್‌ರೂಮು" ಎಂದರು. ತಟ್ಟೆಯ ಹಿಂದಿನಿಂದ ಒಂದು ಹಲ್ಲಿ ಸರಿದುಹೋಯಿತು. ಅವರು ಕಿರುಚಿದ್ದು ಕೇಳಿ ಸರೋಜ ನಕ್ಕಳು. ನನಗೆ ನಗು ಬರಲಿಲ್ಲ.

ಇದ್ದದ್ದು ಒಂದು ಕೊಡ ನೀರು, ಒಂದು ಚೊಂಬು. ಸರೋಜ ಕುಡಿದಳು, ಸಿಸ್ಟರಮ್ಮ ಕುಡಿದರು, ಚೊಂಬು ನನ್ನ ಕೈಗೆ ಬಂತು. ಏನೂ ಆಗುವುದಿಲ್ಲ ಎಂದು ಊರೂರಿಗೆ ಹೇಳುತ್ತಿದ್ದವಳು ನಾನು. ಆದರೂ ಮಗುವಿನ ಮುಖ ಕಣ್ಣೆದುರು ಬಂತು. ಸಿಸ್ಟರಮ್ಮ ಬೇರೆ ಕಡೆ ನೋಡಿದರು. ನಾನು ಕಣ್ಣು ಮುಚ್ಚಿ ಕುಡಿದೆ.

ಮಧ್ಯಾಹ್ನ ಕಳೆಯುವಷ್ಟರಲ್ಲಿ ಎದೆ ಕಲ್ಲಾಯಿತು. ಹಾಲು ತಾನಾಗಿ ಇಳಿದು ರವಿಕೆ ನೆನೆಯಿತು. ನಾನು ಸೆರಗು ಹೊದ್ದು ಗೋಡೆಗೆ ತಿರುಗಿ ಕೂತೆ. ಸಿಸ್ಟರಮ್ಮ ನೋಡಿಬಿಟ್ಟರು. ಅವರ ಮುಖದಲ್ಲಿ ಅಂಥ ಗಾಬರಿಯನ್ನು ನಾನು ಮೊದಲು ಕಂಡಿರಲಿಲ್ಲ. ಓಡಿಹೋಗಿ ಕಿಟಕಿಯ ಸರಳು ಬಡಿದರು.

"ಶಿವಣ್ಣ! ಇವಳಿಗೆ ಹಾಲು ಕುಡಿಯೋ ಮಗು ಐತಪ್ಪ. ಇವಳೊಬ್ಬಳನ್ನ ಬಿಡು, ನಾನಿರ್ತೀನಿ. ಎಷ್ಟು ದಿನ ಬೇಕಾದ್ರೂ ಇರ್ತೀನಿ."

"ಬಿಟ್ರೆ ನೆಟ್ಟಗೆ ಪೊಲೀಸ್ ಸ್ಟೇಷನ್‌ಗೆ ಹೋಯ್ತಾರೆ" ಎಂದ ಅವನು ದೂರದಿಂದಲೇ. "ನೀವು ಹೂಂ ಅನ್ನಿ, ಎಲ್ಲಾರ್ನೂ ಬಿಡ್ತೀನಿ."

ಸಿಸ್ಟರಮ್ಮ ಒಮ್ಮೆ ಸರೋಜಳನ್ನು ನೋಡಿದರು, ಒಮ್ಮೆ ನನ್ನನ್ನು. ಈಗ ಹೂಂ ಅನ್ನುತ್ತಾರೆ ಎಂದು ನಾನು ಕಾದೆ. ಅವರು ಅನ್ನಲಿಲ್ಲ. ಬಂದು ನನ್ನ ಪಕ್ಕ ಕೂತರು.

"ಯೇಸಪ್ಪ ಕರೆದಿದ್ದು ನನ್ನನ್ನ ಕಣೇ" ಎಂದರು. "ನಿನ್ನನ್ನ ಕರೆದಿರ್ಲಿಲ್ಲ. ಈ ಕೋಣೆ ಒಳಕ್ಕೆ ನಾನೇ ಎಳ್ಕೊಂಡ್ ಬಂದೆ."

"ನಿಮ್ ದೇವ್ರಿಗೆ ಬಾಗ್ಲು ತೆಗೆಯೋಕೆ ಬರಲ್ವಾ?" ಎಂದೆ. ಮಾತಿನಲ್ಲಿ ವಿಷವಿತ್ತು.

"ಬರುತ್ತೆ ಅಂತಲೇ ನಂಬಿರೋದು. ಯಾವಾಗ ಅಂತ ಮೊದ್ಲೇ ಹೇಳೋ ಅಭ್ಯಾಸ ಅವನಿಗಿಲ್ಲ."

ಆಮೇಲೆ ನನ್ನ ಎದೆಗೆ ಒದ್ದೆ ಬಟ್ಟೆ ಇಟ್ಟು, ಹಾಲು ಹಿಂಡಿ ನೋವು ಇಳಿಸಿದರು. ನೆಲಕ್ಕೆ ಹೋಗುತ್ತಿದ್ದ ಹಾಲನ್ನು ಸರೋಜ ಚಾಪೆಯಿಂದಲೇ ನೋಡುತ್ತಿದ್ದಳು. "ನನ್ನಿಂದ ನಿಮ್ ಕೂಸು ಹಸ್ಕೊಂಡೈತೆ. ಹೂಂ ಅನ್ನಿ ಸಿಸ್ಟರಮ್ಮ. ನಾನು ಬತ್ತೀನಿ" ಎಂದಳು. ಅಳುತ್ತಿದ್ದಳು. ಆಗ ನನಗೆ ಏನಾಯಿತೋ, ಬೇಡ ಎಂದುಬಿಟ್ಟೆ. ಒಳ್ಳೆಯತನದಿಂದ ಅಂದದ್ದಲ್ಲ. ಮಗುವನ್ನು ಬಿಟ್ಟು ಅರ್ಧ ದಿನಕ್ಕೇ ನಾನು ಹೀಗಾಗಿದ್ದೆ, ಅಷ್ಟೇ.

ಸಂಜೆ ಹುಣಸೆ ಮರದ ಕೆಳಗೆ ಮಕ್ಕಳ ಗಲಾಟೆ ಕೇಳಿತು. ಸರೋಜಳಿಗೆ ನಿಲ್ಲುವ ಶಕ್ತಿಯಿರಲಿಲ್ಲ. ಸಿಸ್ಟರಮ್ಮ ಅವಳನ್ನು ಹಿಂದಿನಿಂದ ತಬ್ಬಿ ಎತ್ತಿ ಕಿಟಕಿಗೆ ಹಿಡಿದರು. ಕೆಂಪು ಲಂಗದ ಹುಡುಗಿಯೊಂದು ಹುಣಸೆ ಬೀಜ ಆರಿಸುತ್ತಿತ್ತು. ಇತ್ತ ತಿರುಗಿಯೂ ನೋಡಲಿಲ್ಲ. ಕತ್ತಲಾಗಿ ಮಕ್ಕಳು ಮನೆಗೆ ಹೋಗುವವರೆಗೆ ಸಿಸ್ಟರಮ್ಮ ಅವಳನ್ನು ಹಾಗೇ ಹಿಡಿದುಕೊಂಡು ನಿಂತಿದ್ದರು. ಆಮೇಲೆ ಅವರ ತೋಳು ಮಡಿಸಲೂ ಆಗಲಿಲ್ಲ.

ರಾತ್ರಿ ಹೇಗೋ ಕಳೆಯಿತು. ಬೆಳಗ್ಗೆ ತಾಯಮ್ಮ ರಾಗಿ ಅಂಬಲಿಯ ಪಾತ್ರೆಯನ್ನು ಸರಳಿನ ಸಂದಿಯಲ್ಲಿ, ಬಲೆಯ ಹರಿದ ಕಡೆಯಿಂದ ಒಳಗೆ ತೂರಿಸಿ ಹೋದಳು. ನೆರೆದಿದ್ದ ಜನ ಅವರವರ ಕೆಲಸಕ್ಕೆ ಕರಗಿದ್ದರು. ಶಿವಣ್ಣನೊಬ್ಬನೇ ಎದುರಿನ ಕಲ್ಲಿನ ಮೇಲೆ ಕೂತಿದ್ದ. ಅವನೂ ರಾತ್ರಿ ನಿದ್ದೆ ಮಾಡಿದ ಹಾಗಿರಲಿಲ್ಲ.

ಸಿಸ್ಟರಮ್ಮ ಅವನನ್ನು ಬಹಳ ಹೊತ್ತು ನೋಡಿ ನನ್ನ ಕಿವಿಯಲ್ಲಿ ಹೇಳಿದರು: "ನಮ್ಮಪ್ಪ ಹೇಳೋರು, ಕುದುರೆ ಒದೆಯೋದು ಕೋಪಕ್ಕಲ್ಲ, ಹೆದ್ರಿಕೆಗೆ ಅಂತ. ಇವನು ಯಾವ್ದಕ್ಕೋ ಹೆದ್ರಿದಾನೆ." ಆಮೇಲೆ ಕಿಟಕಿಗೆ ಹೋಗಿ ಎರಡೂ ಅಂಗೈಗಳನ್ನು ಅವನಿಗೆ ಕಾಣುವ ಹಾಗೆ ಬಲೆಯ ಮೇಲಿಟ್ಟು ನಿಂತರು. ಬಾಗಿಲ ಸುದ್ದಿ ಎತ್ತಲಿಲ್ಲ.

"ನಿಮ್ಮಣ್ಣ ಕಡೇಗಾಲದಲ್ಲಿ ಎಲ್ಲಿದ್ದ ಶಿವಣ್ಣ? ಮನೇಲೇನಾ?"

ಅವರು ಹಾಗೇ ನಿಂತಿದ್ದರು. ಬಿಸಿಲು ಕಲ್ಲಿನ ಮೇಲೆ ಬರುವ ಹೊತ್ತಿಗೆ ಅವನು ಎದ್ದು ಹತ್ತಿರ ಬಂದ.

"ಮನೇಲೇ. ನಾನೇ ನೋಡ್ಕೊಂಡಿದ್ದು" ಎಂದ ಮೆಲ್ಲಗೆ. "ಅವ್ನ ವಾಂತಿ ಬಳ್ದೋನು ನಾನು. ಒಂದೇ ತಟ್ಟೇಲಿ ಉಂಡೋನು. ಆಗ ಏನ್ ಕಾಯಿಲೆ ಅಂತ ಯಾರಿಗ್ ಗೊತ್ತಿತ್ತು? ಈಗ ಒಂದು ದಿವ್ಸ ಮೈ ಬೆಚ್ಚಗಾದ್ರೂ ನಂಗೂ ಬಂತು ಅನ್ಸುತ್ತೆ. ಹೆಣ್ಣು ಗೊತ್ತಾಗೈತೆ ಸಿಸ್ಟರಮ್ಮ. ಲಗ್ನ ಆಗ್ಲಾ, ಬುಡ್ಲಾ? ಯಾರನ್ನ ಕೇಳ್ಲಿ? ಅತ್ತಿಗೇನ ನೋಡಿದ್ರೆ ನನ್ ಹೆಣಾನೇ ನೋಡ್ದಂಗಾಗ್ತದೆ."

"ಹಂಗೆ ಬರೋ ಕಾಯಿಲೆ ಅಲ್ಲಪ್ಪ ಇದು."

"ಚಾರ್ಟಲ್ಲಿ ಬರ್ದವ್ರೆ. ನೋಡಿವ್ನಿ."

"ಚಾರ್ಟು ಸುಡ್ಲಿ. ಒಳಗೆ ಇರೋದು ಒಂದೇ ಚೊಂಬು. ನಿನ್ನೆಯಿಂದ ಮೂರೂ ಜನ ಅದ್ರಲ್ಲೇ ಕುಡಿದಿದೀವಿ. ನನ್ ಮಾತು ಬೇಡ. ಇವಳನ್ನ ಕೇಳು. ಮನೇಲಿ ಎಳೇ ಮಗು ಇರೋ ತಾಯಿ."

ಶಿವಣ್ಣ ನನ್ನ ಕಡೆ ನೋಡಿದ. ನಾನು ಚೊಂಬು ಎತ್ತಿ ತೋರಿಸಿ, "ಹೂಂ, ಕುಡ್ದಿದೀನಿ" ಎಂದೆ. ಗಟ್ಟಿಯಾಗಿ ಅತ್ತುಬಿಟ್ಟೆ.

"ನನ್ ಜೊತೆ ತುಮಕೂರಿಗೆ ಬಾ, ರಕ್ತ ಪರೀಕ್ಷೆ ಮಾಡಿಸ್ತೀನಿ" ಎಂದರು ಸಿಸ್ಟರಮ್ಮ. "ಯಾರಿಗೂ ಹೇಳಲ್ಲ. ನಾನೇ ಪಕ್ಕದಲ್ಲಿ ಕೂತಿರ್ತೀನಿ."

ಅವನು ಮತ್ತೆ ಕಲ್ಲಿನ ಮೇಲೆ ಹೋಗಿ ತಲೆ ಮೇಲೆ ಕೈ ಹೊತ್ತು ಕೂತ. ಮಧ್ಯಾಹ್ನದ ಬಸ್ಸು ಹಾರ್ನ್ ಹೊಡೆದದ್ದು ಕೇಳಿಸಿತು. ಆಗ ಎದ್ದು ಬಂದು ಬೀಗ ತೆಗೆದ.

ಶಿವಣ್ಣನ ರಕ್ತದಲ್ಲಿ ಏನೂ ಇರಲಿಲ್ಲ. ಸರೋಜ ಅಲ್ಲೇ ಉಳಿದಳು. ಅವಳ ಕೂಸು ದಿನಾ ಸಂಜೆ ಹೊಸ್ತಿಲವರೆಗೆ ಬರತೊಡಗಿತು, ಆಮೇಲೆ ಹೊಸ್ತಿಲು ದಾಟಿತು. ಆ ಕಾಲಕ್ಕೆ ಈ ರೋಗದ ಮಾತ್ರೆಗಳು ನಮ್ಮಂಥವರ ಕೈಗೆ ಎಟುಕುತ್ತಿರಲಿಲ್ಲ. ಕೆಲವು ತಿಂಗಳಲ್ಲಿ ಸರೋಜ ಹೋದಳು. ಹೆಣ ಎತ್ತಲು ಶಿವಣ್ಣನೇ ಮುಂದೆ ನಿಂತ ಎಂದು ಕೇಳಿದೆ.

ಕೇಳಿದೆ ಅಷ್ಟೇ, ನೋಡಲಿಲ್ಲ. ಬೀಗ ತೆಗೆದ ದಿನ ನನ್ನನ್ನು ಹುಡುಕಿಕೊಂಡು ಬಂದ ನನ್ನ ಗಂಡ ಬಸ್ ನಿಲ್ದಾಣದಲ್ಲೇ ಸಿಕ್ಕಿದ್ದರು. ಮಗು ಹಸುವಿನ ಹಾಲು ಕುಡಿದು, ವಾಂತಿ ಮಾಡಿಕೊಂಡು, ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡಿತ್ತು. "ಆ ಹೆಂಗಸಿನ ಜೊತೆ ಇನ್ನೊಂದ್ ಸಲ ಹೋದ್ರೆ ನೋಡು" ಎಂದರು. ಹೋಗುವುದಿಲ್ಲ ಎಂದೆ. ಅವರ ಹೆದರಿಕೆಗೆ ಹೇಳಿದ್ದಲ್ಲ, ನನಗೂ ಹಾಗೇ ಅನ್ನಿಸಿತ್ತು. ಆ ಭಾನುವಾರ ಸಿಸ್ಟರಮ್ಮ ಗುಬ್ಬಿಗೆ ಬಂದು ನಮ್ಮ ಬಾಗಿಲಲ್ಲಿ ನಿಂತರು. ಗಂಡ ಒಳಗೆ ಕರೆಯಲಿಲ್ಲ. ಅವರು ಅಂಗಳದಲ್ಲೇ ನಿಂತು ನನ್ನ ಅತ್ತೆಗೆ ಕೈ ಮುಗಿದು, "ನಿಮ್ಮ ಸೊಸೇನ ಕೇಳ್ದೆ ಅಪಾಯಕ್ಕೆ ನೂಕಿಬಿಟ್ಟೆ, ತಪ್ಪಾಯ್ತಮ್ಮ" ಎಂದು ಹೇಳಿ ಬಂದ ದಾರಿಯಲ್ಲೇ ಹೋದರು. ನಾನು ಮಗು ಎತ್ತಿಕೊಂಡು ಒಳಗೇ ಇದ್ದೆ.

ಮುಂದೆ ನನಗೆ ಊರ್ಡಿಗೆರೆ ಕಡೆಗೆ ವರ್ಗವಾಯಿತು. ಸಿಸ್ಟರಮ್ಮನ ಸುದ್ದಿ ಬರುತ್ತಿತ್ತು: ಯಾವುದೋ ಊರಿನಲ್ಲಿ ಚೀಲ ಕಿತ್ತುಕೊಂಡು ಬಾವಿಗೆ ಎಸೆದರಂತೆ, ಇನ್ನೊಂದು ಊರಿನಲ್ಲಿ ಅವರಿಗೇ ಹಬ್ಬದೂಟ ಹಾಕಿದರಂತೆ. ಕೆಲವು ವರ್ಷಗಳ ಮೇಲೆ, ಲಕ್ವ ಹೊಡೆದು ಕುಣಿಗಲ್ಲಿನ ತಮ್ಮನ ಮನೆ ಸೇರಿದ್ದಾರೆ ಎಂದು ತಿಳಿಯಿತು. ಒಂದು ಗುರುವಾರ ರಜೆ ಹಾಕಿ ಹೋದೆ.

ಬಲಗಡೆಯೆಲ್ಲ ಬಿದ್ದುಹೋಗಿತ್ತು. ಮಾತು ತೊದಲು. ತಮ್ಮನ ಹೆಂಡತಿ ಒಳ್ಳೆಯವಳೇ. ಆದರೆ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಬೆಳಗ್ಗೆ ಉಣಿಸಿ ತಿನಿಸಿ, ಕಳ್ಳಕಾಕರ ಭಯಕ್ಕೆ ಹೊರಗಿಂದ ಬೀಗ ಹಾಕಿ ಹೋಗುತ್ತಿದ್ದರು. ಆ ದಿನ ಅವಳು ಮನೆಯಲ್ಲಿದ್ದಳು, ನನ್ನ ಪುಣ್ಯ. ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಸಿಸ್ಟರಮ್ಮ ನನ್ನನ್ನು ಗುರುತಿಸಿ ಅತ್ತರು.

"ಓಡಾಡೋಳನ್ನ ಯೇಸಪ್ಪ ಕಟ್ಟಾಕ್ದ ನೋಡು" ಎಂದರು. "ಯಾಕಪ್ಪ ಅಂತ ದಿನಾ ಕೇಳ್ತೀನಿ. ಬಾಯೇ ಬಿಡಲ್ಲ."

ನಾನು ಅಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿದೆ. "ಅವತ್ತು ನಿಮಗೆ ಭಯ ಆಗ್ಲಿಲ್ವಾ ಸಿಸ್ಟರ್?"

"ಚಿಲಕ ಬಿದ್ದಾಗ ಕೈಕಾಲೆಲ್ಲ ತಣ್ಣಗಾಯ್ತು. ನೀನು ಅಳೋ ಹಂಗಿದ್ದೆ. ಅದಕ್ಕೆ ನಂಗೆ ಅಳೋಕಾಗ್ಲಿಲ್ಲ."

ಆಮೇಲೆ, ಹಿಂದಿನ ಬೀದಿಯಲ್ಲಿ ಟೈಲರೊಬ್ಬ ಇದ್ದಾನೆ, ಕಾಲು ಕೊಳೆತಿದೆ, ವಾಸನೆಗೆ ಯಾರೂ ಹೋಗುತ್ತಿಲ್ಲವಂತೆ ಎಂದರು. ಮೂಲೆಯಲ್ಲಿ ಯಾರೋ ಕೊಟ್ಟಿದ್ದ ಗಾಲಿಕುರ್ಚಿ ಮಡಿಸಿಟ್ಟಿತ್ತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು.

"ನಿಮ್ ಜೊತೆ ಇನ್ನೆಲ್ಲಿಗೂ ಬರಲ್ಲ ಅಂತ ಮನೇಲಿ ಮಾತು ಕೊಟ್ಟಿದೀನಿ" ಎಂದೆ.

"ನೀನು ಬರ್ಬೇಡ. ತಳ್ಳು, ಸಾಕು."

ತಳ್ಳಿದೆ. ಚರಂಡಿ, ಜಲ್ಲಿಕಲ್ಲು ದಾಟಿ ಆ ಮನೆ ಮುಟ್ಟುವಷ್ಟರಲ್ಲಿ ನನ್ನ ಸೊಂಟ ಹೋಯಿತು. ಟೈಲರ್ ಮೊದಲು ಬಾಗಿಲೇ ತೆಗೆಯಲಿಲ್ಲ. ತೆಗೆದು, "ಯಾರ್ರೀ ನೀವು? ಏನ್ ತಮಾಷೆ ನೋಡೋಕ್ ಬಂದ್ರಾ?" ಎಂದು ರೇಗಿದ. ಸಿಸ್ಟರಮ್ಮ ಕುರ್ಚಿಯಲ್ಲೇ ಕೂತು, ಅರ್ಧ ಬಾಯಲ್ಲಿ ಅದು ತೊಳಿ, ಇದು ಒರೆಸು, ಹಾಗಲ್ಲ ಹೀಗೆ ಕಟ್ಟು ಎಂದು ನನ್ನನ್ನು ಗದರಿಸುತ್ತಾ ಹೋದರು. ಗಾಯಕ್ಕೆ ಪಟ್ಟಿ ಕಟ್ಟಿ ಮುಗಿಸಿದಾಗ ನಾನು ಬೆವರಿನಲ್ಲಿ ಮಿಂದಿದ್ದೆ.

ಹೊರಡುವಾಗ ಸಿಸ್ಟರಮ್ಮ ಅವನಿಗೆ ಹೇಳಿದರು: "ಮುಂದಿನ ಗುರುವಾರ ಬರ್ತೀವಿ."

ಬರ್ತೀವಿ! ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.

"ಎಲ್ಲಾರೂ ಹಂಗೇ ಅಂತಾರೆ" ಎಂದ ಟೈಲರ್, ಬಾಗಿಲು ಹಾಕಿಕೊಂಡ.

ಆ ಸೋಮವಾರ ಸಿಸ್ಟರಮ್ಮ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ತಲುಪಿತು. ಮಣ್ಣು ಮಾಡಿ ಆಗಿತ್ತು. ಗುರುವಾರ ಬೆಳಗ್ಗೆ ನಾನು ಗಂಡನಿಗೆ ಹೇಳಿಯೇ ಕುಣಿಗಲ್ ಬಸ್ಸು ಹತ್ತಿದೆ. ಅವರು ಬೇಡ ಅನ್ನಲಿಲ್ಲ.

ಟೈಲರ್ ಬಾಗಿಲು ತೆಗೆದ. ನನ್ನ ಹಿಂದೆ ಬೀದಿಯ ಆಚೆ ತುದಿಯವರೆಗೂ ನೋಡಿದ.

"ಕುರ್ಚಿಯೋರು ಎಲ್ಲಿ?" ಎಂದ.

"ಅವರು ಬರಲ್ಲ" ಎಂದೆ. "ಕಾಲು ಚಾಚಿ."